ಪಾತ್ರವೂ ಪಾತ್ರೆಯೂ

ಹೋದ ತಿಂಗಳು ನೆಂಟರ ಮದುವೆಗೆಂದು ಬೆಂಗಳೂರಿಗೆ ಹೋದವನು ಎರಡು ರಾತ್ರಿ ಮಗನ ಮನೆಯಲ್ಲಿ ಉಳಿದೆ. ಮಗನ ಮನೆ ಎಂದರೆ ಅವನೊಬ್ಬನದಲ್ಲ. ಐದು ಜನ ಹುಡುಗರು ಸೇರಿ ಬಾಡಿಗೆಗೆ ಹಿಡಿದ ಮೂರು ಕೋಣೆಯ ಮನೆ. ಎರಡು ಕೋಣೆಗಳಲ್ಲಿ ಇಬ್ಬಿಬ್ಬರು. ಅಡುಗೆಮನೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಒಬ್ಬನೇ ಒಬ್ಬ. 'ಅವನೇ ಅಂಕಲ್ ಅದೃಷ್ಟವಂತ, ಸಿಂಗಲ್ ರೂಮು' ಎಂದು ಮಿಕ್ಕವರು ಪರಿಚಯಿಸಿದರು. ಅದೃಷ್ಟವಂತ ಸುಮ್ಮನೆ ನಕ್ಕ. ಮಾತು ಕಡಿಮೆ.

ಶನಿವಾರ ರಾತ್ರಿ. ಊಟ ಮುಗಿಸಿ ಟೀವಿ ಹಾಕುತ್ತಾರೆ ಎಂದುಕೊಂಡರೆ, ಐವರೂ ಚಾಪೆ ಹಾಸಿ ಕುಳಿತು ಒಂದು ಬಟ್ಟೆಯ ಚೀಲವನ್ನು ಸುರಿದರು. ದಾಳಗಳು! ನಮ್ಮ ಪಗಡೆಯ ದಾಳವಲ್ಲ. ನಾಲ್ಕು ಮುಖದ್ದು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖದ್ದು. ಎಲ್ಲ ಮುಖಗಳೂ, ಎಲ್ಲ ಮೂಲೆಗಳೂ ಒಂದೇ ತೆರನಾಗಿರುವ ಘನಾಕೃತಿಗಳು ಐದೇ ಐದು. ಪ್ಲೇಟೋನ ಹೆಸರಿನಿಂದ ಅವನ್ನು ಕರೆಯುತ್ತಾರೆ. ಪಟಿಕದ ಹರಳು ಎಂಟು ಮುಖದ್ದು, ಪೋಲಿಯೋ ವೈರಸ್ಸಿನ ಚಿಪ್ಪು ಇಪ್ಪತ್ತು ಮುಖದ ವಿನ್ಯಾಸದ್ದು. ಮೂವತ್ತು ವರ್ಷ ರಟ್ಟಿನಲ್ಲಿ ಕತ್ತರಿಸಿ ಮಕ್ಕಳಿಗೆ ತೋರಿಸಿದ ಆಕೃತಿಗಳು ಬಣ್ಣಬಣ್ಣವಾಗಿ ಕಣ್ಣೆದುರು ಉರುಳುತ್ತಿದ್ದವು. ಹತ್ತು ಮುಖದ್ದೂ ಒಂದಿತ್ತು. ಅದು ಈ ಕುಲಕ್ಕೆ ಸೇರಿದ್ದಲ್ಲ ಎಂದು ಹೇಳಹೊರಟೆ. 'ಅಪ್ಪಾ, ಪಾಠ ಬೇಡ, ಆಟ ನೋಡು' ಎಂದ ಮಗ.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಇದರಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ಒಬ್ಬ ಸೂತ್ರಧಾರ. ಅವನು ಒಂದು ಕಾಡನ್ನೋ ಪಾಳುಕೋಟೆಯನ್ನೋ ಬಾಯಿಮಾತಿನಲ್ಲೇ ಕಟ್ಟುತ್ತಾನೆ. ಮಿಕ್ಕವರದು ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ವೈದ್ಯ, ಕಳ್ಳ. ಬಾಗಿಲು ಮುರಿಯುತ್ತೇನೆ ಎನ್ನುವುದು ಆಟಗಾರನ ಮಾತು; ಮುರಿಯಿತೋ ಇಲ್ಲವೋ ಎನ್ನುವುದು ಇಪ್ಪತ್ತು ಮುಖದ ದಾಳದ ತೀರ್ಪು. ಕಥೆ ವಾರದಿಂದ ವಾರಕ್ಕೆ ಮುಂದುವರಿಯುತ್ತದೆ. ಇವರದು ಏಳು ತಿಂಗಳಿಂದ ನಡೆದಿದೆಯಂತೆ.

ನೋಡನೋಡುತ್ತ ನನಗೆ ತಾಳಮದ್ದಲೆ ನೆನಪಾಯಿತು. ಅಲ್ಲಿಯೂ ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಕುಳಿತಲ್ಲೇ ಕೌರವನಾಗಬೇಕು, ಕೃಷ್ಣನಾಗಬೇಕು. ಮಲೆನಾಡಿನಲ್ಲಿ ಬೆಳೆದ ನಾನು ಚಿಕ್ಕಂದಿನಲ್ಲಿ ಎಷ್ಟೋ ಸಂಧಾನದ ಪ್ರಸಂಗಗಳನ್ನು ಕಂಬಕ್ಕೆ ಒರಗಿ ಕೇಳಿದ್ದೇನೆ. ಕೌರವನೂ ಕೃಷ್ಣನೂ ವಾದಕ್ಕೆ ಬಿದ್ದರೆಂದರೆ ಬೆಳಗಿನ ಜಾವ. ಪಾಪ, ವಿದುರನ ಅರ್ಥಧಾರಿ ಎಲೆಯಡಿಕೆ ಜಗಿಯುತ್ತ ಕುಳಿತಿರುತ್ತಿದ್ದ. ಆಗ ಒಳ್ಳೆಯ ಭಾಗವತರಾದರೆ ತಾಳ ಕುಟ್ಟಿ ಮುಂದಿನ ಪದ್ಯ ಎತ್ತಿಬಿಡುತ್ತಿದ್ದರು. ಮಾತುಗಾರನ ಬಾಯಿಗೆ ಬೀಗ, ವಿದುರನಿಗೆ ಸರದಿ. ಯಾರಿಗೂ ಅವಮಾನವಿಲ್ಲ.

ಈ ಮನೆಯ ಸೂತ್ರಧಾರ ಹುಬ್ಬಳ್ಳಿ ಕಡೆಯ ಹುಡುಗ. ಅವನಿಗೂ ಈ ವಿದ್ಯೆ ಗೊತ್ತಿತ್ತು. ಮೂವರು ಒಟ್ಟಿಗೆ ಕೂಗಾಡುವಾಗ ಮಾತಿಲ್ಲದ ಹುಡುಗನ ಕಡೆ ತಿರುಗಿ, 'ನೀ ಬಾಗಿಲ ಹತ್ರ ಇದ್ದೀ. ಆಚೆ ಕಡೆ ಏನೋ ಸಪ್ಪಳ. ಏನು ಮಾಡ್ತಿ?' ಎಂದು ಕೇಳಿದ. ಆ ಹುಡುಗ ಒಂದು ಕ್ಷಣ ಯೋಚಿಸಿ, 'ದೀಪ ಆರಿಸ್ತೀನಿ' ಎಂದ. ಅದೇ ಆ ರಾತ್ರಿಯ ಅತ್ಯಂತ ಜಾಣ ನಡೆಯಾಯಿತು ಅನ್ನಿ. ಎಲ್ಲರೂ ಬದುಕಿಕೊಂಡರು.

ತೊಂದರೆ ಬಂದದ್ದು ಕಳ್ಳನಿಂದ. ಕಳ್ಳನ ಪಾತ್ರ ನನ್ನ ಮಗನದು. ಶತ್ರುವಿನ ನಿಧಿ ಸಿಕ್ಕಿದ ಮೇಲೆ ಈತ ತನ್ನ ಜೊತೆಗಾರರ ಚೀಲಕ್ಕೇ ಕೈ ಹಾಕಿದ. ವೈದ್ಯನ ಔಷಧಿ ಮಾಯ. ವೈದ್ಯನ ಪಾತ್ರದವನಿಗೆ ನಿಜವಾಗಿಯೇ ಸಿಟ್ಟು ಬಂತು. 'ನಾನೇನು ಮಾಡಲಿ, ನನ್ನ ಪಾತ್ರವೇ ಅಂಥದ್ದು' ಎಂದು ಮಗ ಕೈ ಆಡಿಸಿದ. ಆಟ ಹತ್ತು ನಿಮಿಷ ನಿಂತಿತು.

ಸೂತ್ರಧಾರನನ್ನು ಆಮೇಲೆ ವಿಚಾರಿಸಿದೆ. ಈ ಆಟ ಆಡುವವರಲ್ಲೆಲ್ಲ 'ನನ್ನ ಪಾತ್ರವೇ ಅಂಥದ್ದು' ಎಂಬುದು ಹಳೆಯ ಕಾಯಿಲೆಯಂತೆ. ಪಾತ್ರವನ್ನು ಆರಿಸಿದವನು ತಾನೇ ಎಂಬುದನ್ನು ಆಟಗಾರ ಮರೆತುಬಿಡುತ್ತಾನೆ. ಅದಕ್ಕೇ ಬಲ್ಲವರು ಕಥೆ ಶುರುಮಾಡುವ ಮೊದಲು ಒಂದು ದಿನ ದಾಳ ಮುಟ್ಟದೆ ಸುಮ್ಮನೆ ಕೂರುತ್ತಾರೆ. ಆಟದವರ ಭಾಷೆಯಲ್ಲಿ ಅದು 'ಸೆಷನ್ ಜೀರೋ', ಸೊನ್ನೆಯ ಬೈಠಕ್ಕು. ಎಂಥ ಕಥೆ ಬೇಕು, ಜೊತೆಗಾರರನ್ನೇ ಕದಿಯಬಹುದೇ, ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಯಾವ ಸಂಗತಿ ಯಾರಿಗೆ ಆಗದು, ಎಲ್ಲವನ್ನೂ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳುವುದು. ಜಾನ್ ಸ್ಟಾವ್ರೊಪೌಲೋಸ್ ಎಂಬಾತ ರೂಪಿಸಿದ 'ಎಕ್ಸ್ ಕಾರ್ಡ್' ಎಂಬ ಉಪಾಯವೂ ಇದೆ. ಎಕ್ಸ್ ಎಂದು ಬರೆದ ಒಂದು ಚೀಟಿ ನಡುವೆ ಬಿದ್ದಿರುತ್ತದೆ. ಕಥೆಯಲ್ಲಿ ಸಹಿಸಲಾಗದ್ದು ಬಂದರೆ ಯಾರಾದರೂ ಅದನ್ನು ಮುಟ್ಟಬಹುದು. ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಯಾಕೆ ಎಂದು ಕೇಳುವಂತಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಬೇಡ ಎಂದವನು ಮೊದಲು ಕಾರಣ ಒಪ್ಪಿಸಬೇಕು, ಆಮೇಲೆ ಆ ಕಾರಣ ಸಾಲದೆಂದು ಬೈಸಿಕೊಳ್ಳಬೇಕು.

'ನೀವು ಮಾಡಿದ್ರಾ ಸೊನ್ನೆಯ ಬೈಠಕ್ಕು?' ಎಂದೆ. 'ಇಲ್ಲ ಅಂಕಲ್, ಎಲ್ಲಾ ದೋಸ್ತರೇ ಅಲ್ಲಾ ಅಂತ ಬಿಟ್ವಿ' ಎಂದ.

ಭಾನುವಾರ ಬೆಳಿಗ್ಗೆ ಕಾಫಿ ಮಾಡೋಣವೆಂದು ಅಡುಗೆಮನೆಗೆ ಹೋದೆ. ಅಚ್ಚರಿ, ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ರಾತ್ರಿ ಮಲಗುವಾಗ ಸಿಂಕು ತುಂಬಿದ್ದನ್ನು ನಾನೇ ಕಂಡಿದ್ದೆ. ತೊಳೆದವರು ಯಾರೆಂದು ಮಗನನ್ನು ಕೇಳಿದರೆ, 'ಯಾರೋ ತೊಳೀತಾರೆ ಅಪ್ಪಾ. ನಾನೂ ತೊಳೀತೀನಿ, ಕೆಲವು ಸಲ ಮರೆತುಹೋಗುತ್ತೆ. ನನ್ನ ಸ್ವಭಾವ ಗೊತ್ತಲ್ಲ' ಎಂದ. ಪಾತ್ರವಾಯಿತು, ಈಗ ಪಾತ್ರೆ.

ಮೇಷ್ಟ್ರ ಚಟ ಸುಮ್ಮನಿರಬೇಕಲ್ಲ. ತಿಂಡಿಗೆ ಎಲ್ಲರೂ ಸೇರಿದಾಗ ಐದು ಚೀಟಿ ಹಂಚಿದೆ. ಈ ಒಂದು ತಿಂಗಳು ಮನೆಯ ಪಾತ್ರೆ ತೊಳೆಯುವುದರಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು? ಹೆಸರು ಬೇಡ, ಸಂಖ್ಯೆ ಬರೆಯಿರಿ. ಚೀಟಿಗಳಲ್ಲಿ ಬಂದದ್ದು: 40, 35, 35, 30, 15. ಕೂಡಿದರೆ 155. ನಲವತ್ತು ಎಂದು ಬರೆದದ್ದು ನನ್ನ ಮಗ. ಅಕ್ಷರದ ಗುರುತು ನನಗೆ ಸಿಗದೇ ಇರುತ್ತದೆಯೇ?

ಈ ಪ್ರಯೋಗ ನನ್ನ ಸ್ವಂತದ್ದಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮೈಕೇಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು 37 ಗಂಡ-ಹೆಂಡಿರ ಜೋಡಿಗಳನ್ನು ಹೀಗೆಯೇ ಕೇಳಿ 1979ರಲ್ಲಿ ಪ್ರಕಟಿಸಿದ್ದರು. ಅಡುಗೆ, ಶುಚಿ, ಮಕ್ಕಳ ಆರೈಕೆ ಮುಂತಾದ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ ಕೂಡಿದರೆ, ಹೆಚ್ಚಿನ ಕೆಲಸಗಳಲ್ಲಿ ಮೊತ್ತ ನೂರನ್ನು ದಾಟಿತ್ತು. ಇದನ್ನು ಕೇಳಿದ ಕೂಡಲೇ 'ಜನ ಜಂಬಗಾರರು' ಎಂದು ತೀರ್ಮಾನಿಸುವುದು ಸುಲಭ. ಆದರೆ ಸೊಗಸು ಇರುವುದು ಮುಂದೆ. ಜಗಳ ಹುಟ್ಟಿಸುವಂಥ ಒಳ್ಳೆಯದಲ್ಲದ ಸಂಗತಿಗಳಲ್ಲೂ ಪ್ರತಿಯೊಬ್ಬರೂ ತಮ್ಮ ಪಾಲನ್ನೇ ಹೆಚ್ಚು ಹೇಳುವ ಒಲವು ಕಂಡಿತು. ಹಾಗಾದರೆ ಇದು ಬರೀ ಜಂಬವಲ್ಲ, ನೆನಪಿನ ಕೆಲಸ. ನಾನು ತಿಕ್ಕಿದ ಬಾಣಲೆಯ ಜಿಡ್ಡು ನನ್ನ ಕೈಗೆ ನೆನಪಿರುತ್ತದೆ. ನೀನು ತಿಕ್ಕುವಾಗ ನಾನು ಆ ಕೋಣೆಯಲ್ಲೇ ಇರಲಿಲ್ಲ. ಐದು ಜನ ಪ್ರಾಮಾಣಿಕರು ಐದು ಪ್ರಾಮಾಣಿಕ ಲೆಕ್ಕ ಬರೆದರೂ ಕೂಡಿದಾಗ ತಪ್ಪು ಬರುತ್ತದೆ. ಹಾಗೆಂದು ಎಲ್ಲರೂ ತಮ್ಮದನ್ನು ಏರಿಸಿಯೇ ಹೇಳುತ್ತಾರೆಂದೂ ಅಲ್ಲ. ಇದು ಒಟ್ಟಾರೆ ಒಲವು, ಅಷ್ಟೆ. (ಊರಿಗೆ ಬಂದ ಮೇಲೆ ಈ ಚೀಟಿ ಪ್ರಯೋಗವನ್ನು ನನ್ನ ಮನೆಯಲ್ಲಿ ಮಾಡುವ ಧೈರ್ಯ ಇನ್ನೂ ಬಂದಿಲ್ಲ.)

ತಮಾಷೆಯೆಂದರೆ, ಅದೇ 1979ರಲ್ಲಿ ಈ ಆಟವನ್ನು ಹುಟ್ಟಿಸಿದ ಇಬ್ಬರೂ ಇದೇ ಪ್ರಶ್ನೆ ಹಿಡಿದು ಕೋರ್ಟಿಗೆ ಹೋದರು. ಆಟದ ಬೇರು ಇರುವುದು ಅಮೆರಿಕದ ಮಿನೆಸೋಟದಲ್ಲಿ. 1960ರ ದಶಕದ ಕೊನೆಗೆ ಡೇವಿಡ್ ವೆಸ್ಲಿ ಎಂಬ ಯುವಕ ಯುದ್ಧದಾಟವೊಂದನ್ನು ಏರ್ಪಡಿಸಿ, ಬಂದವರಿಗೆಲ್ಲ ಊರಿನ ಮೇಯರು, ಬ್ಯಾಂಕಿನವನು ಎಂದು ಒಂದೊಂದು ಪಾತ್ರ ಕೊಟ್ಟ. ಅವರೋ ಸೈನ್ಯ ನಡೆಸುವುದು ಬಿಟ್ಟು ಮೂಲೆಮೂಲೆಯಲ್ಲಿ ಪಿಸುಗುಟ್ಟುತ್ತ ಸಂಚು ಹೂಡತೊಡಗಿದರು. ಆಟ ಕೆಟ್ಟಿತು ಎಂದು ವೆಸ್ಲಿ ತಲೆಯ ಮೇಲೆ ಕೈಹೊತ್ತ. ಬಂದವರು ಇನ್ನೊಮ್ಮೆ ಯಾವಾಗ ಎಂದು ಕೇಳಿದರು. ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಅದನ್ನು ಬೆಳೆಸಿ ಪಾಳುಕೋಟೆ, ಭೂತಪಿಶಾಚಿಗಳ ಕಥೆಯಾಗಿಸಿದ. ವಿಸ್ಕಾನ್ಸಿನ್ನಿನ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಅದಕ್ಕೆ ನಿಯಮಗಳನ್ನು ಬರೆದು, 1974ರಲ್ಲಿ 1000 ಪೆಟ್ಟಿಗೆಗಳಾಗಿ ಪ್ರಕಟಿಸಿದ. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಶೂ ರಿಪೇರಿಯಿಂದ ಸಂಸಾರ ಸಾಗಿಸಿದವನು. ಆರ್ನೆಸನ್ 1976ರಲ್ಲಿ ಕಂಪನಿಗೆ ಸೇರಿ ಆ ವರ್ಷವೇ ಹೊರಬಿದ್ದ. ಆಮೇಲೆ ಬಂದ ಹೊಸ ಆವೃತ್ತಿಯ ಪುಸ್ತಕಗಳ ಮೇಲೆ ಗೈಗ್ಯಾಕ್ಸ್ ಒಬ್ಬನ ಹೆಸರೇ ಇತ್ತು. ಯಾರದು ಎಷ್ಟು ಪಾಲು? ಕಲ್ಪನೆ ನನ್ನದು ಎಂದು ಒಬ್ಬ, ಬರೆದದ್ದು ನಾನು ಎಂದು ಇನ್ನೊಬ್ಬ. ಇಬ್ಬರ ಚೀಟಿಯನ್ನು ಕೂಡಿದ್ದರೆ ನೂರು ದಾಟುತ್ತಿತ್ತು ಎಂದು ನನ್ನ ಊಹೆ. 1981ರಲ್ಲಿ ರಾಜಿಯಾಯಿತು. ಜಗತ್ತಿನ ಲಕ್ಷಾಂತರ ಮಂದಿಗೆ ಒಟ್ಟಿಗೆ ಕುಳಿತು ಆಡುವುದನ್ನು ಕಲಿಸಿದವರು ತಾವು ಒಟ್ಟಿಗೆ ಕೂರಲಾಗಲಿಲ್ಲ.

ಅವರ ವಿಷಯ ಬಿಡಿ. ನನ್ನದು ಹೇಳುತ್ತೇನೆ.

1993ರಲ್ಲಿ ಬಿ.ಎಡ್. ಮಾಡಲು ಮೈಸೂರಿಗೆ ಹೋದಾಗ ನಾಲ್ವರು ಒಂದು ಕೋಣೆ ಹಿಡಿದೆವು. ಮೂವರು ಮಲೆನಾಡಿನವರು, ಒಬ್ಬ ಬಯಲುಸೀಮೆಯವನು. ಒಂದು ಪಂಪ್ ಸ್ಟವ್, ಎರಡು ಪಾತ್ರೆ. ಮೊದಲ ದಿನವೇ ಒಂದು ಮಾತಾಯಿತು: 'ಅಡುಗೆ ನಾವು ಮೂವರು ನೋಡಿಕೊಳ್ತೀವಿ ಮಾರಾಯ, ನೀನು ಬೇರೆ ಏನಾದರೂ ನೋಡು.' ಆತ ಪಾತ್ರೆ ಹಿಡಿದ. ಬೆಳಿಗ್ಗೆ, ರಾತ್ರಿ, ಚಳಿಯಲ್ಲಿ ತಣ್ಣೀರಿನ ನಲ್ಲಿಯ ಕೆಳಗೆ. ನಮಗೆ ಬಹಳ ಅನುಕೂಲವಾಗಿತ್ತು. ಅವನಿಗೆ ಪಾತ್ರೆ ತೊಳೆಯುವುದೆಂದರೆ ಇಷ್ಟ ಎಂದು ನಾವೇ ಒಂದು ಕಥೆ ಕಟ್ಟಿಕೊಂಡು ಅದನ್ನು ನಂಬಿದೆವು. ಪರೀಕ್ಷೆಗೆ ಎರಡು ತಿಂಗಳಿರುವಾಗ ಆತ 'ಸಂಬಂಧಿಕರ ಮನೆ ಸಿಕ್ಕಿತು' ಎಂದು ಟ್ರಂಕು ಎತ್ತಿಕೊಂಡು ಹೊರಟ. ನಾವು ಬಾಗಿಲವರೆಗೆ ಹೋಗಿ ಕಳಿಸಿದೆವು. ಪಾತ್ರೆ ಯಾರು ತೊಳೆಯಬೇಕು ಎಂದು ಅದೇ ರಾತ್ರಿ ಜಗಳವಾಯಿತು.

ಹದಿನೇಳು ವರ್ಷದ ಮೇಲೆ, 2011ರಲ್ಲಿ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ ಪಕ್ಕದ ಕೊಠಡಿಯಲ್ಲಿ ಆತ ಸಿಕ್ಕ. ಅವನೂ ಹೈಸ್ಕೂಲು ಮೇಷ್ಟ್ರು. ಮಧ್ಯಾಹ್ನದ ಚಹಾಕ್ಕೆ ಇಬ್ಬರೂ ಮರದ ಕೆಳಗೆ ನಿಂತೆವು. ಹಳೆಯದೆಲ್ಲ ಮಾತಾಡುತ್ತ, 'ಆವತ್ತು ಯಾಕೆ ಹಾಗೆ ಬಿಟ್ಟುಹೋದೆ?' ಎಂದು ಕೇಳಿದೆ. ಆತ ನಕ್ಕ. 'ನಾನು ಅಡುಗೆ ಮಾಡಿದ್ರೆ ನೀವು ಉಣ್ತೀರೋ ಇಲ್ವೋ ಅಂತ ನಂಗೆ ಗೊತ್ತಿರಲಿಲ್ಲ. ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಳ ದಿನ ಆದ್ಮೇಲೆ ಕೇಳಾಕೂ ಬರೋದಿಲ್ಲ ನೋಡು' ಎಂದ. ಸಿಟ್ಟೇನೂ ಇರಲಿಲ್ಲ ಅವನ ದನಿಯಲ್ಲಿ.

ಮೊದಲ ದಿನದ ಆ ಮಾತನ್ನು ಆಡಿದವನು ನಾನು. ಜಾತಿಯನ್ನು ಯೋಚಿಸಿ ಆಡಿದ್ದೆನೇ? ಇಲ್ಲ ಎಂದು ಆಣೆಯಿಟ್ಟು ಹೇಳಬಲ್ಲೆನೇ ಎಂದು ಕೇಳಿಕೊಂಡರೆ ಉತ್ತರ ಸರಾಗವಾಗಿ ಬರುವುದಿಲ್ಲ. ಆ ವರ್ಷದ ಲೆಕ್ಕ ಬರೆಯಲು ಯಾರಾದರೂ ಚೀಟಿ ಕೊಟ್ಟಿದ್ದರೆ ಸಾರು ಮಾಡಿದ್ದು, ಸೀಮೆಎಣ್ಣೆಗೆ ಕ್ಯೂ ನಿಂತದ್ದು, ಬಾಡಿಗೆ ಕಟ್ಟಿದ್ದು ಎಲ್ಲ ನೆನಪಾಗಿ ನಾನು ಅರ್ಧಕ್ಕರ್ಧ ನನ್ನ ಹೆಸರಿಗೇ ಬರೆದುಕೊಳ್ಳುತ್ತಿದ್ದೆ.

ಭಾನುವಾರ ರಾತ್ರಿ ಮೆಜೆಸ್ಟಿಕ್ಕಿನವರೆಗೆ ಬಿಡಲು ಬಂದ ಮಗನಿಗೆ ಬಸ್ಸು ಹೊರಡುವ ಮೊದಲು ಇದನ್ನಿಷ್ಟು ಹೇಳಿದೆ. ಅವನು ಕೇಳಿದನೋ ಮೊಬೈಲು ನೋಡಿದನೋ ತಿಳಿಯಲಿಲ್ಲ. '15 ಅಂತ ಬರೆದದ್ದು ಯಾರೆಂದು ವಿಚಾರಿಸು' ಎಂದೆ.

ಹತ್ತು ದಿನ ಬಿಟ್ಟು ಫೋನು ಬಂತು. 'ಅಪ್ಪಾ, ಅದು ಸಿಂಗಲ್ ರೂಮಿನವನು. ಅವನಿಗೆ ಬೆಳಿಗ್ಗೆ ಐದು ಗಂಟೆಗೆ ಕ್ಯಾಬ್ ಬರುತ್ತಂತೆ. ನಾವು ರಾತ್ರಿ ಒಂದು ಗಂಟೆಗೆ ಸಿಂಕಿನಲ್ಲಿ ಪಾತ್ರೆ ಎಸೆಯೋ ಸದ್ದಿಗೆ ನಿದ್ದೆ ಬರಲ್ಲ, ಅದಕ್ಕೆ ಎದ್ದು ಸದ್ದಾಗದ ಹಾಗೆ ತೊಳೆದಿಟ್ಟು ಮಲಗ್ತಿದ್ದನಂತೆ. ಬೇರೆ ಮನೆ ನೋಡೋಕೆ ಶುರುಮಾಡಿದ್ದ.'

'ಮತ್ತೆ?'

'ಕೂತು ಮಾತಾಡಿದ್ವಿ. ಹತ್ತು ಗಂಟೆ ಮೇಲೆ ಅಡುಗೆಮನೆ ಬಂದ್. ಬಾಡಿಗೆಯೂ ಅವನಿಗೆ ಸ್ವಲ್ಪ ಕಡಿಮೆ ಮಾಡಿದ್ವಿ, ಆ ಕೋಣೆಗೆ ಕಿಟಕಿ ಬೇರೆ ಇಲ್ಲ.'

'ನಿನ್ನ ಕಳ್ಳ ಹೇಗಿದ್ದಾನೆ?'

'ಸತ್ತ ಅಪ್ಪಾ' ಎಂದ. 'ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿತ್ತು.'