ನರಸಿಂಹ ಮನೆಗೆ ಬಂದ ವಾರ

2025ರ ಸೆಪ್ಟೆಂಬರ್‌ನಲ್ಲಿ ಎರಡು ವಾರದೊಳಗೆ ಮೂರು ಸಂಗತಿಗಳು ನಡೆದುಹೋದವು. 12ರಂದು ರಾಜ್ಯ ಸರ್ಕಾರ ಸಿನಿಮಾ ಟಿಕೆಟ್ಟಿಗೆ, ತೆರಿಗೆ ಬಿಟ್ಟು, 200 ರೂಪಾಯಿಯ ಮಿತಿ ಹಾಕಿತು. 19ರಂದು ‘ಮಹಾವತಾರ ನರಸಿಂಹ’ ನೆಟ್‌ಫ್ಲಿಕ್ಸ್‌ಗೆ ಬಂತು. 23ರಂದು ಹೈಕೋರ್ಟು ಆ ಮಿತಿಗೆ ಮಧ್ಯಂತರ ತಡೆ ಕೊಟ್ಟಿತು. ಪತ್ರಿಕೆಗಳು ಮೊದಲನೆಯದಕ್ಕೂ ಮೂರನೆಯದಕ್ಕೂ ಮುಖಪುಟ ಬಿಟ್ಟುಕೊಟ್ಟವು. ಎರಡು ಮಕ್ಕಳಿರುವ ಮನೆಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ನಡುವಿನದು.

ಇಟ್ಟಮಡುವಿನ ಲೆಕ್ಕವನ್ನೇ ನೋಡಬಹುದು. ಹೊಸಕೆರೆಹಳ್ಳಿಗೂ ಕತ್ರಿಗುಪ್ಪೆಗೂ ನಡುವೆ, ರಿಂಗ್ ರೋಡಿಗೆ ಆತುಕೊಂಡಿರುವ ಈ ಹಳೇ ಹಳ್ಳಿ ಈಗ ಪೂರ್ತಿ ಬೆಂಗಳೂರು. ಕೆಳಗೆ ಮಾಲೀಕರು, ಮೇಲೆ ಎರಡು ಮೂರು ಅಂತಸ್ತು ಬಾಡಿಗೆಯವರು. ಇಲ್ಲಿಂದ ಜಯನಗರಕ್ಕೋ ಕನಕಪುರ ರಸ್ತೆಗೋ ನಾಲ್ವರು ಹೊರಟು ಮಲ್ಟಿಪ್ಲೆಕ್ಸಿನಲ್ಲಿ ಕೂತು, ಇಂಟರ್ವಲ್ಲಿನಲ್ಲಿ ಮಕ್ಕಳ ಕೈಗೆ ಪಾಪ್‌ಕಾರ್ನ್ ಕೊಡಿಸಿ ವಾಪಸಾಗುವಷ್ಟರಲ್ಲಿ ಮನೆಯ ಕರೆಂಟು ಬಿಲ್ಲಿನಷ್ಟು ಹಣ ಹೋಗಿರುತ್ತದೆ. ಹಾಗಾಗಿ ಮಕ್ಕಳಿರುವ ಮನೆಗಳಲ್ಲಿ ಇಂಥ ಚಿತ್ರದ ನಿಜವಾದ ಬಿಡುಗಡೆ ಟೀವಿಗೆ ಬಂದ ದಿನವೇ.

‘ಮಹಾವತಾರ ನರಸಿಂಹ’ ಅಶ್ವಿನ್ ಕುಮಾರ್ ನಿರ್ದೇಶನದ ಅನಿಮೇಷನ್ ಚಿತ್ರ. ಕ್ಲೀಂ ಪ್ರೊಡಕ್ಷನ್ಸ್ ತಯಾರಿಸಿದ್ದನ್ನು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿತು. ಜುಲೈ 25ರಂದು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ, 3ಡಿಯಲ್ಲೂ ತೆರೆಕಂಡು, ವರದಿಗಳ ಪ್ರಕಾರ 300 ಕೋಟಿ ರೂಪಾಯಿ ದಾಟಿತು. ಟೀವಿಗೆ ಬಂದಾಗ 3ಡಿ ಹೋಯಿತು. ಕಂಬ ಸೀಳಿ ಬಂದ ಸಿಂಹ ಮಕ್ಕಳ ಮೂಗಿನ ಹತ್ತಿರಕ್ಕೆ ಬರುವುದೂ ಹೋಯಿತು. ಆದರೆ ಆ ಮಕ್ಕಳು ಅದೇ ಕಂಬ ಒಡೆಯುವ ದೃಶ್ಯವನ್ನು ಹಿಂದೆ ತಿರುಗಿಸಿ ಹತ್ತು ಸಲ ನೋಡುವ ಸೌಕರ್ಯ ಬಂತು. ಮಕ್ಕಳು ಸಿನಿಮಾ ನೋಡುವ ರೀತಿಯೇ ಅದು. ಹೊಸದಕ್ಕಿಂತ ಗೊತ್ತಿರುವುದರಲ್ಲಿ ಅವರಿಗೆ ಖುಷಿ ಜಾಸ್ತಿ.

ಕಥೆ ಕನ್ನಡಕ್ಕೆ ಹೊಸದಲ್ಲ. 1983ರಲ್ಲಿ ವಿಜಯ್ ನಿರ್ದೇಶಿಸಿದ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಹಿರಣ್ಯಕಶಿಪು, ಸರಿತಾ ಕಯಾದು, ಅನಂತ್ ನಾಗ್ ನಾರದ. ಪ್ರಹ್ಲಾದನಾಗಿದ್ದ ಎಂಟು ವರ್ಷದ ಲೋಹಿತ್ ಆಮೇಲೆ ಪುನೀತ್ ಆದ. ಕನ್ನಡದ ಮನೆಮಂದಿಗೆ ಮಾಯಾಮಂತ್ರದ ಸಾಹಸ ಚಿತ್ರವೆಂದರೆ ಬಹುಕಾಲ ಪೌರಾಣಿಕವೇ ಆಗಿತ್ತು. ಅದರಾಚೆ ಸಿಗುವುದು ಕಡಿಮೆ. ರಾಜೇಂದ್ರಸಿಂಗ್ ಬಾಬು ಮಕ್ಕಳನ್ನು ಕಾಡಿಗಿಳಿಸಿದ ‘ನಾಗರಹೊಳೆ’ (1977), ಅರ್ಜುನ್ ಸರ್ಜಾ ಮೊದಲ ಸಲ ಕಾಣಿಸಿಕೊಂಡ ‘ಸಿಂಹದ ಮರಿ ಸೈನ್ಯ’ (1981), ಇನ್ನೊಂದೆರಡು. ಅಷ್ಟಕ್ಕೆ ಪಟ್ಟಿ ತೆಳುವಾಗುತ್ತದೆ.

ಇವೆಲ್ಲ ಮನೆಗೆ ಬಂದದ್ದು ಬಾಡಿಗೆಯ ದಾರಿಯಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಕಲರ್ ಟೀವಿ ಬಂತು, ಹಿಂದೆಯೇ ವಿಸಿಆರ್, ವಿಸಿಪಿ. ಕೊಳ್ಳುವವರು ಕಡಿಮೆ, ದಿನದ ಬಾಡಿಗೆಗೆ ತರುವವರು ಹೆಚ್ಚು. ಕೊಟ್ಟ ಬಾಡಿಗೆ ವ್ಯರ್ಥವಾಗದಿರಲಿ ಎಂದು ರಾತ್ರಿಯೆಲ್ಲ ಮೂರು ನಾಲ್ಕು ಕ್ಯಾಸೆಟ್ ಓಡಿಸುವುದು, ಗಣೇಶನ ಪೆಂಡಾಲಿನ ಮುಂದೆ ಬೀದಿಯೇ ಕೂತು ರಾಜ್ ಸಿನಿಮಾ ನೋಡುವುದು ಬೆಂಗಳೂರಿನ ಹಳೇ ಬಡಾವಣೆಗಳ ರೂಢಿ. ನಂತರ ಬಂದ ವಿಸಿಡಿಯ ಒಂದು ತಟ್ಟೆಯಲ್ಲಿ ಹಿಡಿಯುತ್ತಿದ್ದುದು 74 ನಿಮಿಷದ ಚಿತ್ರ. ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ ಎರಡು ತಟ್ಟೆ ಸಾಲದೆ ಮೂರನೆಯದೂ ಬೇಕಾಗುತ್ತಿತ್ತು. ಇಂಟರ್ವಲ್ ಎಲ್ಲಿರಬೇಕೆಂದು ನಿರ್ದೇಶಕ ಯೋಚಿಸಿಟ್ಟಿದ್ದರೂ ಮನೆಯಲ್ಲಿ ಅದನ್ನು ತೀರ್ಮಾನಿಸುತ್ತಿದ್ದುದು ತಟ್ಟೆ. 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿ ಬಾಡಿಗೆ ಅಂಗಡಿಗಳ ಜೊತೆಗೆ ಕಳ್ಳ ಸಿಡಿಯವರ ಹೊಟ್ಟೆಗೂ ಹೊಡೆಯಿತು. ಹನ್ನೊಂದು ವರ್ಷದ ಮೇಲೆ, 2018ರ ಸೆಪ್ಟೆಂಬರ್‌ನಲ್ಲಿ, ಆ ಕಂಪನಿಯನ್ನೇ ಮುಚ್ಚಿ ಆಸ್ತಿ ಮಾರಲು ನ್ಯಾಯಮಂಡಳಿ ಆದೇಶಿಸಿತು.

ಡಿವಿಡಿಯಲ್ಲಿ ಒಂದು ಚಿತ್ರದ ಜೊತೆ ಎಂಟು ಧ್ವನಿಪಥಗಳನ್ನೂ 32 ಭಾಷೆಗಳ ಅಡಿಬರಹವನ್ನೂ ತುಂಬಲು ಜಾಗವಿತ್ತು. ಹಾಲಿವುಡ್ಡಿನ ಮಕ್ಕಳ ಚಿತ್ರಗಳ ಭಾರತದ ಪ್ರತಿಗಳಲ್ಲಿ ಇಂಗ್ಲಿಷ್, ಹಿಂದಿ, ಕೆಲವೊಮ್ಮೆ ತಮಿಳು, ತೆಲುಗು ಇರುತ್ತಿದ್ದವು. ಉಳಿದ ಪಥಗಳು ಖಾಲಿ. ಕನ್ನಡವನ್ನು ಹೊರಗಿಟ್ಟದ್ದು ತಂತ್ರಜ್ಞಾನವಲ್ಲ, ನಾವೇ.

1960ರ ದಶಕದ ಆರಂಭದಲ್ಲಿ ಅ.ನ.ಕೃಷ್ಣರಾಯರು, ಮ.ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ಬೀದಿಗಿಳಿದಾಗ ಅವರ ಆತಂಕಕ್ಕೆ ಆಧಾರವಿತ್ತು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ. ಡಬ್ಬಿಂಗಿನ ಅಗ್ಗದ ಪೈಪೋಟಿ ಇಲ್ಲಿನ ಕಲಾವಿದರ ಅನ್ನಕ್ಕೇ ಕುತ್ತು ತರುತ್ತಿತ್ತು. ಆದರೆ ಆ ಪೈಪೋಟಿಯ ಭಯ ಕಡಿಮೆಯಾದ ಮೇಲೂ, ಆ ಹೋರಾಟದಿಂದ ಹುಟ್ಟಿದ, ಕಾನೂನಿನಲ್ಲಿ ಎಲ್ಲೂ ಇಲ್ಲದ ಡಬ್ಬಿಂಗ್ ನಿಷೇಧ ದಶಕಗಟ್ಟಲೆ ಉಳಿಯಿತು. ಅದರ ಬೆಲೆ ತೆತ್ತವರು ಓದಲು ಬಾರದ ಮಕ್ಕಳು. ದೊಡ್ಡವರಿಗೆ ಅಡಿಬರಹ ಸಾಕು, ಐದು ವರ್ಷದ ಮಗುವಿಗೆ ಧ್ವನಿಯೇ ಬೇಕು. 2009ರಲ್ಲಿ ಚಿಂಟು ಟೀವಿ ಶುರುವಾಗಿ ಕಾರ್ಟೂನುಗಳು ಕನ್ನಡ ಮಾತಾಡಿದಾಗ ಮನೆಗಳಲ್ಲಿ ಅದಕ್ಕೆ ಸಿಕ್ಕ ಸ್ವಾಗತ ಕಂಡವರಿಗೆ, ಹಸಿವು ಎಷ್ಟಿತ್ತೆಂದು ಬೇರೆ ಹೇಳಬೇಕಾಗಿಲ್ಲ.

2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ, ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಗೂ ಇತರ ಸಂಘಟನೆಗಳಿಗೂ ದಂಡ ಹಾಕಿತು. ಬಾಗಿಲು ತೆರೆದರೂ ಒಳಗೆ ಬರುವವರು ತಡಮಾಡಿದರು. ಮರುವರ್ಷ ಬಂದ ‘ದಿ ಜಂಗಲ್ ಬುಕ್’ ಇಂಗ್ಲಿಷಿನ ಜೊತೆ ಹಿಂದಿ, ತಮಿಳು, ತೆಲುಗಿನಲ್ಲಿ ಮಾತಾಡಿತು. ಕರಿಚಿರತೆ ನೋಡಲು ದೇಶದ ಛಾಯಾಗ್ರಾಹಕರು ಕಬಿನಿಗೆ ಬಂದು ಕಾದು ಕೂರುತ್ತಾರೆ. ಆ ಚಿತ್ರದ ಕರಿಚಿರತೆ ಬಘೀರನಿಗೆ ಮಾತ್ರ ಕನ್ನಡ ಬರಲಿಲ್ಲ! 2019ರ ‘ದಿ ಲಯನ್ ಕಿಂಗ್’ ಕಥೆಯೂ ಅದೇ. ಕೊನೆಗೆ 2022ರ ಡಿಸೆಂಬರ್‌ನಲ್ಲಿ ‘ಅವತಾರ್’ನ ಎರಡನೇ ಭಾಗ ಕನ್ನಡದಲ್ಲೂ ಬಂತು. 2023ರ ಜೂನ್‌ನಲ್ಲಿ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಾಗ ಅವುಗಳಲ್ಲಿ ಕನ್ನಡವೂ ಒಂದು.

ಹೀಗೆ ಬಂದ ಕನ್ನಡ ಆವೃತ್ತಿಗಳಿಗೆ ಚಿತ್ರಮಂದಿರದಲ್ಲಿ ಸಿಗುವುದು ಬೆರಳೆಣಿಕೆಯ ಪ್ರದರ್ಶನ, ಅದೂ ಯಾರಿಗೂ ಒಗ್ಗದ ಹೊತ್ತಿನಲ್ಲಿ. ಜನ ಬರಲಿಲ್ಲವೆಂದು ತೆಗೆಯುತ್ತಾರೆ. ತೆಗೆದದ್ದರಿಂದ ಜನ ಬರುವುದಿಲ್ಲ. ಮನೆಯ ಟೀವಿಯಲ್ಲಿ ಈ ತಂಟೆಯಿಲ್ಲ. ಅಲ್ಲಿ ಕನ್ನಡಕ್ಕೆ ಪ್ರತ್ಯೇಕ ಪರದೆ ಬೇಡ, ಪಟ್ಟಿಯಲ್ಲಿ ಒಂದು ಸಾಲು ಸಾಕು. ಡಬ್ಬಿಂಗಿನ ಪರ ವಿರುದ್ಧದ ಜಗಳವೆಲ್ಲ ಚಿತ್ರಮಂದಿರವನ್ನು ಇಟ್ಟುಕೊಂಡೇ ನಡೆಯಿತು, ಆದರೆ ಮಕ್ಕಳ ಚಿತ್ರದ ಕನ್ನಡ ಉಳಿಯುವುದೋ ಅಳಿಯುವುದೋ ತೀರ್ಮಾನವಾಗುವುದು ರಿಮೋಟು ಹಿಡಿದ ಕೈಯಲ್ಲಿ. ಆ ಕನ್ನಡ ಕೇಳುವಂತಿರಬೇಕು ಎನ್ನುವುದು ಬೇರೆ ಮಾತು. ಈಗಿನ ಎಷ್ಟೋ ಡಬ್ಬಿಂಗ್ ಸಂಭಾಷಣೆ ಸರ್ಕಾರಿ ಸುತ್ತೋಲೆಯನ್ನು ಜೋರಾಗಿ ಓದಿದಂತಿದೆ. ತುಟಿಚಲನೆಗೆ ಹೊಂದಿಸುವ ಒದ್ದಾಟ ಒಂದು ಕಾರಣ, ಸಂಭಾಷಣೆ ಬರೆಯುವವರಿಗೆ ಕೊಡುವ ಸಮಯ ಇನ್ನೊಂದು. ಮೊದಲನೆಯದಕ್ಕೆ ಮದ್ದು ಕಷ್ಟ, ಎರಡನೆಯದಕ್ಕೆ ಅಲ್ಲ.

ಮನೆಯ ಪರದೆಯಲ್ಲಿ ಸಾಲು ತಿರುಗುಮುರುಗಾಗುವುದೂ ಉಂಟು. 2025ರ ಅಕ್ಟೋಬರ್ 2ರಂದು ತೆರೆಕಂಡ ‘ಕಾಂತಾರ ಚಾಪ್ಟರ್ 1’ ಅದೇ ತಿಂಗಳ 31ಕ್ಕೆ ಪ್ರೈಮ್ ವಿಡಿಯೊಗೆ ಬಂತು, ಕನ್ನಡದಲ್ಲೂ ದಕ್ಷಿಣದ ಉಳಿದ ಮೂರು ಭಾಷೆಗಳಲ್ಲೂ. ಹಿಂದಿಯವರು ನವೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ಹಿಂದಿ ಆವೃತ್ತಿಗೆ ಎಂಟು ವಾರದ ಅಂತರವಿರಲೇಬೇಕೆಂಬ ಮಲ್ಟಿಪ್ಲೆಕ್ಸ್ ಸರಣಿಗಳ ಹಟ ಇದಕ್ಕೆ ಕಾರಣ. ಕನ್ನಡ ಮೊದಲು, ಹಿಂದಿ ಆಮೇಲೆ: ಡಿವಿಡಿ ಕಾಲದವರು ಕೇಳಿದ್ದರೆ ನಗುತ್ತಿದ್ದರು.

ಹೊಸದು ಇಷ್ಟು ಬೇಗ ಮನೆ ಸೇರುವಾಗ ಹಳೆಯದರ ಪಾಡು ಹಾಗಿಲ್ಲ. ಹಿರಣ್ಯಕಶಿಪುವಿನ ಆರ್ಭಟವನ್ನು ಅಪ್ಪ ಅಮ್ಮಂದಿರು ಮಕ್ಕಳಿಗೆ ತೋರಿಸಹೊರಟರೆ ಯೂಟ್ಯೂಬಿನಲ್ಲಿ ಸಿಗುವ ಹಳೇ ಚಿತ್ರಗಳು ಬಹುಮಟ್ಟಿಗೆ ವಿಡಿಯೊ ಕಾಲದ ಪ್ರತಿಗಳೇ. ಮೂಲೆಯಲ್ಲಿ ಮುದ್ರೆ, ಮಸುಕು ಬಣ್ಣ, ನಡುನಡುವೆ ಕತ್ತರಿ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ತುಂಬಿ ಚಿತ್ರಮಂದಿರಕ್ಕೆ ತಂದ ಉದಾಹರಣೆ ಕನ್ನಡದಲ್ಲೇ ಇದೆ. ‘ಸಿಂಹದ ಮರಿ ಸೈನ್ಯ’, ‘ಭಕ್ತ ಪ್ರಹ್ಲಾದ’ಗಳಿಗೆ ಆ ಖರ್ಚೂ ಇಲ್ಲ, ಅವು ಬಣ್ಣದಲ್ಲೇ ಚಿತ್ರೀಕರಿಸಿದವು. ಬೇಕಾದದ್ದು ಒಳ್ಳೆಯ ಸ್ಕ್ಯಾನು, ಧ್ವನಿಯ ಶುದ್ಧಿ, ಜೊತೆಗೆ ವಿಡಿಯೊ ಹಕ್ಕು, ಟೀವಿ ಹಕ್ಕು, ಇಂಟರ್‌ನೆಟ್ ಹಕ್ಕು ಎಂದು ಮೂರು ಕಡೆ ಹಂಚಿಹೋದ ಕಾಗದಪತ್ರಗಳನ್ನು ಒಂದೆಡೆ ಕೂಡಿಸುವ ತಾಳ್ಮೆಯಿರುವ ಒಬ್ಬ ನಿರ್ಮಾಪಕ.