ಮೇಲೆ ಮಾಯ್ದ ಚರ್ಮ, ಕೆಳಗೆ ಮಾಯದ ಇಸುಬು

ಇಸುಬಿಗೆ ಹೊಸ ಮುಲಾಮೋ ಇಂಜೆಕ್ಷನ್ನೋ ಮಾರುಕಟ್ಟೆಗೆ ಬಂದಾಗ, ಇಷ್ಟು ಮಂದಿಗೆ ಗುಣ ಕಂಡಿತು ಎಂಬ ಅಂಕಿಯೂ ಜತೆಗೇ ಬರುತ್ತದೆ. ಆ ಅಂಕಿ ಹುಟ್ಟುವುದು ವೈದ್ಯರ ಕಣ್ಣಳತೆಯಿಂದ. ಔಷಧ ಪ್ರಯೋಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಈಸಿ’ ಎಂಬ ಮಾಪನದಲ್ಲಿ ಮೈಯನ್ನು ನಾಲ್ಕು ಭಾಗ ಮಾಡಿಕೊಂಡು, ಕೆಂಪು, ಉಬ್ಬು, ಕೆರೆದ ಗಾಯ, ಒರಟುಗಟ್ಟಿದ ತೊಗಲು ಈ ನಾಲ್ಕು ಲಕ್ಷಣಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಎಷ್ಟು ಜಾಗಕ್ಕೆ ಹಬ್ಬಿದೆ ಎಂಬುದನ್ನೂ ಲೆಕ್ಕ ಹಾಕಿದರೆ ಗರಿಷ್ಠ 72 ಅಂಕ. ಇಸುಬಿನ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಡುಪಿಲುಮ್ಯಾಬ್ ಇಂಜೆಕ್ಷನ್ ಗೆದ್ದದ್ದು ಈ ಅಳತೆಗೋಲಿನಲ್ಲೇ. 2016ರಲ್ಲಿ ಪ್ರಕಟವಾದ ‘ಸೋಲೋ 1’ ಪ್ರಯೋಗದಲ್ಲಿ, ಎರಡು ವಾರಕ್ಕೊಮ್ಮೆ ಔಷಧ ಪಡೆದವರ ಪೈಕಿ ಶೇ 51 ಮಂದಿಯ ಅಂಕ 16 ವಾರಗಳಲ್ಲಿ ಮುಕ್ಕಾಲು ಪಾಲಾದರೂ ಇಳಿಯಿತು. ಔಷಧವಿಲ್ಲದ ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ 15. ಅಂತರ ಇಷ್ಟು ದೊಡ್ಡದಿದ್ದಾಗ ಕಣ್ಣಳತೆಯೇ ಸಾಕು, ಯಾವ ಯಂತ್ರವೂ ಬೇಕಿಲ್ಲ. ಆದರೆ ಮೇಲೆ ಮಾಯ್ದದ್ದು ಒಳಗೂ ಮಾಯ್ದಿದೆಯೇ, ಮಾಯಿಸಿದ ಮದ್ದೇ ಚರ್ಮವನ್ನು ಸವೆಸುತ್ತಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಕಣ್ಣಿನ ಬಳಿ ಉತ್ತರವಿಲ್ಲ. ಇಸುಬಿನ ಹೊಸ ಔಷಧಗಳ ಪ್ರಯೋಗದಲ್ಲಿ ಚರ್ಮದ ಒಳಚಿತ್ರವನ್ನೂ ಕಡ್ಡಾಯವಾಗಿ ತೆಗೆಯಬೇಕು ಎಂದು ನಾನು ವಾದಿಸುವುದು ಈ ಎರಡು ಪ್ರಶ್ನೆಗಳಿಗಾಗಿ, ಇವೆರಡಕ್ಕೆ ಮಾತ್ರ.

ಇವು ಸುಮ್ಮನೆ ಕೆದಕಿ ತೆಗೆದ ಅನುಮಾನಗಳಲ್ಲ. ಮುಲಾಮು ನಿಲ್ಲಿಸಿದ ಕೆಲವೇ ದಿನಕ್ಕೆ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ, ಮೊದಲಿದ್ದ ಜಾಗದಲ್ಲೇ ಮತ್ತೆ ನವೆ ಏಳುವುದು ಇಸುಬು ಇದ್ದವರೆಲ್ಲರಿಗೂ ಗೊತ್ತು. 2003ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಪ್ರಯೋಗವೊಂದರಲ್ಲಿ, ಇಸುಬು ಹತೋಟಿಗೆ ಬಂದ ಮೇಲೂ ವಾರಕ್ಕೆರಡು ಸಲ ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡ್ ಹಚ್ಚುತ್ತಾ ಹೋದವರಲ್ಲಿ, ಬರೀ ತೇವ ಕಾಯುವ ಲೇಪ ಹಚ್ಚಿದವರಿಗಿಂತ ರೋಗ ಮರುಕಳಿಸುವುದು ಬಹಳ ಕಡಿಮೆಯಾಯಿತು. ಚೆನ್ನಾಗಿ ಕಾಣುವ ಚರ್ಮಕ್ಕೆ ಮದ್ದು ಹಚ್ಚಿ ಪ್ರಯೋಜನವಾಯಿತೆಂದರೆ, ಆ ಚರ್ಮ ಕಾಣುವಷ್ಟು ಚೆನ್ನಾಗಿರಲಿಲ್ಲ ಎಂದೇ ಅರ್ಥ. ಒಳಗೆ ಉಳಿದ ಉರಿಯೂತವನ್ನು ತಿಳಿಯಲು ಇದ್ದ ಹಳೆಯ ದಾರಿ ಬಯಾಪ್ಸಿ. ಅದರಲ್ಲಿ ಚರ್ಮದ ಚೂರನ್ನೇ ಕತ್ತರಿಸಿ ತೆಗೆಯಬೇಕು. ಒಮ್ಮೆ ಕತ್ತರಿಸಿದ ಜಾಗವನ್ನು ಮುಂದಿನ ವಾರ ಮತ್ತೆ ಪರೀಕ್ಷಿಸುವಂತಿಲ್ಲ. ಇನ್ನು ಇಸುಬಿನಿಂದ ಹೆಚ್ಚು ನರಳುವ ಎಳೆಯ ಮಕ್ಕಳಿಂದ ವಾರವಾರವೂ ಚರ್ಮ ಕತ್ತರಿಸಲು ಯಾವ ತಾಯಿ ಒಪ್ಪಿಯಾಳು? ಕಣ್ಣಿನ ಆಸ್ಪತ್ರೆಗೆ ಹೋದವರಿಗೆ ಪರಿಚಿತವಾದ ಒಸಿಟಿ ಸ್ಕ್ಯಾನ್ ಈ ತೊಡಕನ್ನು ಬಿಡಿಸುತ್ತದೆ. 1991ರಲ್ಲಿ ಅಮೆರಿಕದ ಸಂಶೋಧಕರು ಮೊದಲು ವರದಿ ಮಾಡಿದ ಈ ತಂತ್ರ, ಅಂಗಾಂಶದೊಳಕ್ಕೆ ಬೆಳಕು ಬಿಟ್ಟು, ಯಾವ ಆಳದಿಂದ ಎಷ್ಟು ಬೆಳಕು ಮರಳಿತು ಎಂಬುದರಿಂದ ಪದರಪದರವಾದ ಚಿತ್ರ ಕಟ್ಟುತ್ತದೆ. ಚರ್ಮದಲ್ಲಿ ಒಂದರಿಂದ ಎರಡು ಮಿಲಿಮೀಟರ್ ಆಳದವರೆಗೆ ಇದು ಕಾಣಿಸುತ್ತದೆ. ಗಾಯವಿಲ್ಲ, ಎಕ್ಸ್‌ರೇಯಂಥ ವಿಕಿರಣವಿಲ್ಲ. ಒಂದರ ಹಿಂದೊಂದು ಚಿತ್ರ ತೆಗೆದು ಹೋಲಿಸಿದರೆ ಹರಿಯುವ ರಕ್ತದ ಜಾಡೂ ಸಿಗುತ್ತದೆ. ಉರಿಯೂತವಿದ್ದಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿರುವುದನ್ನು ಅಳೆಯಬಹುದು.

ಎರಡನೆಯ ಪ್ರಶ್ನೆಗೆ ಈ ಚಿತ್ರ ಇನ್ನೂ ಮುಖ್ಯ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬೀಟಾಮೆಥಸೋನ್ ಎಂಬ ಹಳೆಯ ಸ್ಟೀರಾಯ್ಡ್ ಮುಲಾಮನ್ನೂ ಕ್ರಿಸಬೊರೋಲ್ ಎಂಬ ಸ್ಟೀರಾಯ್ಡ್ ಅಲ್ಲದ ಹೊಸ ಮುಲಾಮನ್ನೂ ಒಸಿಟಿಯ ನೆರವಿನಿಂದ ಹೋಲಿಸಿದರು. ನಾಲ್ಕು ವಾರಗಳ ಬಳಕೆಯಲ್ಲೇ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುವುದು ಸ್ಕ್ಯಾನಿನಲ್ಲಿ ಕಂಡಿತು. ಸ್ಟೀರಾಯ್ಡ್‌ನಿಂದ ಚರ್ಮ ತೆಳುವಾಗುತ್ತದೆ ಎಂಬುದೇನೂ ಹೊಸ ಸುದ್ದಿಯಲ್ಲ. ಹೊಸದು ಅದನ್ನು ಹಿಡಿದ ಹೊತ್ತು. ಬರಿಗಣ್ಣಿಗೆ ಕಾಣುವಾಗ ಚರ್ಮ ಆಗಲೇ ಹಾಳೆಯಂತಾಗಿ ಒಳಗಿನ ನಾಳಗಳು ತೋರುತ್ತಿರುತ್ತವೆ, ಎಳೆದ ಗೆರೆಗಳು ಮೂಡಿರುತ್ತವೆ. ಆ ಗೆರೆಗಳು ಮತ್ತೆ ಅಳಿಯುವುದಿಲ್ಲ. ಕೆಂಪು ಇಳಿಯಿತೇ ಎಂದಷ್ಟೇ ನೋಡುವ ಪ್ರಯೋಗದಲ್ಲಿ ಪ್ರಬಲ ಸ್ಟೀರಾಯ್ಡ್ ಯಾವತ್ತೂ ಗೆಲ್ಲುತ್ತದೆ; ಅದರ ಬೆಲೆಯನ್ನು ರೋಗಿ ತೆರುವುದು ಪ್ರಯೋಗ ಮುಗಿದ ಎಷ್ಟೋ ತಿಂಗಳ ಮೇಲೆ.

ಇಲ್ಲಿ ಎದುರಾಗುವ ಆಕ್ಷೇಪ ಹಗುರವಾದುದಲ್ಲ. ಇಸುಬಿನಲ್ಲಿ ಹೊರಚರ್ಮ ಉರಿಯೂತದಿಂದ ದಪ್ಪಗಾಗಿರುತ್ತದೆ. ಯಾವುದೇ ಒಳ್ಳೆಯ ಮದ್ದು ಅದನ್ನು ತೆಳುವಾಗಿಸಲೇಬೇಕು. ಹಾಗಾದರೆ ಸ್ಕ್ಯಾನಿನಲ್ಲಿ ಕಂಡ ತೆಳುವು ಗುಣದ ಗುರುತೋ, ಸವೆತದ ಗುರುತೋ? ಮೈಕ್ರಾನ್ ಲೆಕ್ಕದ ಒಂದೇ ಸಂಖ್ಯೆ ಇದನ್ನು ಹೇಳಲಾರದು. ಅದೇ ವ್ಯಕ್ತಿಯ ರೋಗವಿಲ್ಲದ ಚರ್ಮಕ್ಕಿಂತಲೂ ತೆಳುವಾಗಿದೆಯೇ, ರಕ್ತನಾಳಗಳು ಮೊದಲಿನ ಸ್ಥಿತಿಗೆ ಮರಳಿವೆಯೇ, ಚರ್ಮದಿಂದ ಆವಿಯಾಗಿ ಸೋರುವ ನೀರು ಕಡಿಮೆಯಾಗಿದೆಯೇ ಎಂಬುದನ್ನೆಲ್ಲ ಒಟ್ಟಿಗೆ ನೋಡಬೇಕು. ಯಂತ್ರ ಕೊಟ್ಟ ಸಂಖ್ಯೆ ನಿಖರವಾಗಿದೆ ಎಂದಮಾತ್ರಕ್ಕೆ ಅದರ ಅರ್ಥವೂ ನಿಖರವಾಗಿರಬೇಕಿಲ್ಲ. ಈ ಎಚ್ಚರವನ್ನು ವೈದ್ಯಕೀಯ ಕಲಿತದ್ದು ಜೀವಗಳನ್ನು ತೆತ್ತು. ಹೃದಯಾಘಾತವಾದವರಲ್ಲಿ ತಪ್ಪು ಬಡಿತವನ್ನು ಅಡಗಿಸುವ ಮಾತ್ರೆಗಳು ಇಸಿಜಿಯಲ್ಲಿ ಸೊಗಸಾಗಿ ಕೆಲಸ ಮಾಡುತ್ತಿದ್ದವು. 1989ರಲ್ಲಿ ‘ಕ್ಯಾಸ್ಟ್’ ಪ್ರಯೋಗದ ಫಲಿತಾಂಶ ಬಂದಾಗ, ಅವನ್ನು ನುಂಗಿದವರಲ್ಲೇ ಸಾವು ಹೆಚ್ಚೆಂದು ಗೊತ್ತಾಯಿತು. ಇಸುಬಿನಲ್ಲೂ ಚಿತ್ರ ಚೆಂದವಾಗಿ, ರೋಗಿ ಮಾತ್ರ ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದರೆ ಆ ಔಷಧ ಸೋತಂತೆಯೇ. ನವೆಯನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಅದನ್ನು ರೋಗಿಯನ್ನೇ ಕೇಳಬೇಕು.

ಆದ್ದರಿಂದ ನನ್ನ ವಾದಕ್ಕೆ ಮಾದರಿ ಕಣ್ಣಿನ ವೈದ್ಯಕೀಯವೇ. ವಯಸ್ಸಾದವರ ಅಕ್ಷಿಪಟಲದ ಕಾಯಿಲೆಗೆ ಕೊಡುವ ಇಂಜೆಕ್ಷನ್ ಗೆದ್ದಿತೋ ಸೋತಿತೋ ಎಂದು ತೀರ್ಮಾನಿಸುವುದು ಇಂದಿಗೂ ರೋಗಿ ಗೋಡೆಯ ಪಟದ ಮೇಲೆ ಎಷ್ಟು ಅಕ್ಷರ ಓದಿದರು ಎಂಬುದರಿಂದಲೇ. ಆದರೆ ಮುಂದಿನ ಇಂಜೆಕ್ಷನ್ ಈಗ ಬೇಕೇ, ಇನ್ನಷ್ಟು ದಿನ ತಡೆಯಬಹುದೇ ಎಂದು ಹೇಳುವುದು ಒಸಿಟಿ. ಅಕ್ಷರಪಟವನ್ನು ಸ್ಕ್ಯಾನ್ ತಳ್ಳಿಹಾಕಲಿಲ್ಲ, ಪಕ್ಕದಲ್ಲಿ ಕೂತು ಬೇರೆ ಕೆಲಸ ಹೊತ್ತುಕೊಂಡಿತು. ಇಸುಬಿನಲ್ಲಿ ರೋಗಿಯ ನವೆ ಮತ್ತು ನಿದ್ದೆ ಆ ಅಕ್ಷರಪಟದ ಜಾಗದಲ್ಲಿರಲಿ. ಮುಲಾಮು ಯಾವಾಗ ನಿಲ್ಲಿಸಬಹುದು, ಯಾವ ಮುಲಾಮನ್ನು ಎಷ್ಟು ವಾರಕ್ಕಿಂತ ಹೆಚ್ಚು ಹಚ್ಚಬಾರದು ಎಂಬುದನ್ನು ಸ್ಕ್ಯಾನ್ ಹೇಳಲಿ. ಇದರಿಂದ ಇನ್ನೊಂದು ಲಾಭವೂ ಇದೆ: ಒಬ್ಬರ ಎಡಗೈಗೆ ಒಂದು ಮದ್ದು, ಬಲಗೈಗೆ ಇನ್ನೊಂದು ಹಚ್ಚಿ ಒಳಚಿತ್ರದಿಂದ ಅಳೆದರೆ, ಕಡಿಮೆ ಜನರನ್ನಿಟ್ಟುಕೊಂಡೇ ಎರಡರ ವ್ಯತ್ಯಾಸ ತಿಳಿಯಬಹುದು.

ನಮ್ಮಂಥ ಚರ್ಮದವರಿಗೆ ಇದರಲ್ಲಿ ಬೇರೆಯೇ ಆಸಕ್ತಿಯಿದೆ. ‘ಈಸಿ’ಯ ಮೊದಲ ಲಕ್ಷಣವೇ ಕೆಂಪು. ಬಿಳಿಯ ಚರ್ಮದಲ್ಲಿ ಎದ್ದು ಕಾಣುವ ಕೆಂಪು, ಕಂದು ಮತ್ತು ಕಪ್ಪು ಚರ್ಮದಲ್ಲಿ ನೇರಳೆಯಾಗಿಯೋ ಬೂದುಗಂದಾಗಿಯೋ ಮಸುಕಾಗುತ್ತದೆ. ಕೆಂಪನ್ನು ನೆಚ್ಚಿ ಅಂಕ ಕೊಟ್ಟರೆ ಕಪ್ಪು ಮಕ್ಕಳ ತೀವ್ರ ಇಸುಬು ಮರೆಯಾದೀತೆಂದು 2002ರಲ್ಲೇ ಬ್ರಿಟನ್ನಿನ ಚರ್ಮರೋಗ ಪತ್ರಿಕೆಯೊಂದರಲ್ಲಿ ಅಧ್ಯಯನ ಬಂದಿತ್ತು. ‘ಸೋಲೋ’ ಪ್ರಯೋಗಗಳಿಗೆ ಸೇರಬೇಕಾದರೆ ಕನಿಷ್ಠ 16 ಅಂಕ ಬೇಕಿತ್ತು. ಕೆಂಪು ಕಾಣದವರಿಗೆ ಅಂಕವೇ ಕಡಿಮೆ ಬಿದ್ದರೆ ಅವರು ಬಾಗಿಲಲ್ಲೇ ಉಳಿಯುತ್ತಾರೆ. ಹಾಗೆಂದು ಯಂತ್ರಕ್ಕೆ ಬಣ್ಣಭೇದವಿಲ್ಲ ಎಂದು ನಂಬುವುದು ದಡ್ಡತನ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್, ಆಮ್ಲಜನಕ ಕುಸಿದದ್ದನ್ನು ಗುರುತಿಸದೆ ಹೋಗುವುದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರ ಅಮೆರಿಕದ ಅಧ್ಯಯನ ತೋರಿಸಿತು. ಚರ್ಮದ ಚಿತ್ರಣದಲ್ಲೂ ಹಸಿರು ಬೆಳಕು ಬಳಸುವ ವಿಧಾನಗಳಿಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅಡ್ಡ ಬರುತ್ತದೆ. ಚರ್ಮಕ್ಕೆ ಬಳಸುವ ಒಸಿಟಿಯಲ್ಲಿರುವ 1,300 ನ್ಯಾನೊಮೀಟರ್ ಆಸುಪಾಸಿನ ಅವಕೆಂಪು ಬೆಳಕನ್ನು ಮೆಲನಿನ್ ಅಷ್ಟಾಗಿ ಹೀರುವುದಿಲ್ಲ. ಅದನ್ನು ಆರಿಸಿಕೊಳ್ಳಲು ಇದೊಂದು ಗಟ್ಟಿ ಕಾರಣ. ಆದರೂ ಆರೋಗ್ಯವಂತ ಚರ್ಮದ ದಪ್ಪ ಇಷ್ಟಿರಬೇಕು ಎಂಬ ಮಟ್ಟವನ್ನು ಯುರೋಪಿನವರ ತೋಳುಗಳಿಂದ ಮಾತ್ರ ತೆಗೆದರೆ, ಹಳೆಯ ತಪ್ಪು ಹೊಸ ಯಂತ್ರದೊಳಗೆ ಹೊಕ್ಕು ಕೂರುತ್ತದೆ.

ದುಬಾರಿ ಸ್ಕ್ಯಾನಿನ ಮಾತು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಯಾಕೆ ಎಂದು ಕೇಳುವವರಿದ್ದಾರೆ. ಪ್ರತಿ ರೋಗಿಗೂ ಸ್ಕ್ಯಾನ್ ಮಾಡಿ ಎಂದು ಯಾರೂ ಹೇಳುತ್ತಿಲ್ಲ. ಪ್ರಯೋಗದ ಹಂತದಲ್ಲಿ ಕೆಲವರ ಚರ್ಮವನ್ನು ಸರಿಯಾಗಿ ನೋಡಿದರೆ, ಎಷ್ಟು ವಾರ ಹಚ್ಚಬೇಕು ಎಂಬ ಸೂಚನೆಯಾಗಿ ಅದು ಟ್ಯೂಬಿನ ಜತೆಗಿನ ಚೀಟಿಯಲ್ಲಿ ಅಚ್ಚಾಗಿ ಎಲ್ಲರಿಗೂ ತಲುಪುತ್ತದೆ. ಆ ಒಂದು ಸಾಲಿನ ಅಗತ್ಯ ನಮ್ಮಲ್ಲಿ ಬೇರೆಡೆಗಿಂತ ಹೆಚ್ಚು. ಮುಖ ಬೆಳ್ಳಗಾಗಲೆಂದು ಮೆಡಿಕಲ್ ಷಾಪಿನಿಂದ ಸ್ಟೀರಾಯ್ಡ್ ತಂದು ಹಚ್ಚಿಕೊಳ್ಳುವ ದೇಶ ಇದು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ವ್ಯಾಪ್ತಿಗೆ ತಂದು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಹೇಳಬೇಕಾಯಿತು. ಅದರ ಮೇಲೆ, ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯ, ಕೆನಡಾ ಅಥವಾ ಐರೋಪ್ಯ ಒಕ್ಕೂಟದಲ್ಲಿ ಒಪ್ಪಿಗೆ ಪಡೆದ ಕೆಲವು ವರ್ಗದ ಔಷಧಗಳಿಗೆ ಇಲ್ಲಿ ಪ್ರಯೋಗದಿಂದ ವಿನಾಯಿತಿ ಕೊಡಲು ಆಗಸ್ಟ್ 2024ರಲ್ಲಿ ಔಷಧ ನಿಯಂತ್ರಕರು ದಾರಿ ತೆರೆದಿದ್ದಾರೆ. ಈಗಿರುವ ಚಿಕಿತ್ಸೆಗಿಂತ ಗಣನೀಯವಾಗಿ ಮೇಲಾದ ಔಷಧಗಳೂ ಆ ವರ್ಗಗಳಲ್ಲಿ ಒಂದು. ಇಸುಬಿನ ಹೊಸ ಔಷಧಗಳು ಆ ಹೆಸರಿನಲ್ಲಿ ಬರಬಹುದು. ಹಾಗೆ ಬಂದವು ಮಾರಾಟ ಶುರುವಾದ ಮೇಲೆ ಇಲ್ಲಿನ ರೋಗಿಗಳ ಮೇಲೆ ನಾಲ್ಕನೇ ಹಂತದ ಅಧ್ಯಯನ ನಡೆಸಬೇಕು. ಆ ಅಧ್ಯಯನದ ಷರತ್ತುಗಳಲ್ಲಿ, ಮದ್ದು ಹಚ್ಚುವ ಮೊದಲು, ಮಾಯ್ದ ದಿನ ಮತ್ತು ನಿಲ್ಲಿಸಿದ ಕೆಲವು ವಾರಗಳ ನಂತರ, ಹೀಗೆ ಮೂರು ಸಲ ಒಳಚಿತ್ರ ತೆಗೆಯಬೇಕೆಂದು ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಒಪ್ಪಿಗೆಪತ್ರದಲ್ಲಿ ಒಂದು ಕಲಮು ಸಾಕು.