ನೂರಹದಿಮೂರು ವರುಷ ಕಾದ ಗುಲಾಬಿ

ಹಿತ್ತಲಿನ ಗಿಡವೊಂದು ಎರಡು ವರುಷ ಹೂ ಬಿಡದಿದ್ದರೆ ಅದನ್ನು ಕಿತ್ತೊಗೆಯುವುದು ನಮ್ಮಲ್ಲಿ ರೂಢಿ. ಕೊರತೆಯು ಗಿಡದ್ದೋ, ಬೆಳೆಸಿದ ನಮ್ಮದೋ ಎಂದು ವಿಚಾರಿಸುವಷ್ಟು ತಾಳ್ಮೆ ನಮಗಿರುವುದಿಲ್ಲ. ಅಂಥ ತಾಳ್ಮೆಯ ಫಲವನ್ನು ತೋರುವ ಬ್ಯಾಂಕ್ಸ್ ಗುಲಾಬಿಯ ವೃತ್ತಾಂತವನ್ನು ಈ ಸಲ ಓದುಗರ ಮುಂದಿಡುತ್ತಿದ್ದೇವೆ.

ಈ ಹಬ್ಬುಗುಲಾಬಿಯ ತವರು ಚೀನಾ. ಕ್ಯೂ ಉದ್ಯಾನದ ಪರವಾಗಿ ಕ್ಯಾಂಟನ್ನಿನಲ್ಲಿದ್ದ ವಿಲಿಯಂ ಕೆರ್ ಎಂಬಾತನು 1807ರಲ್ಲಿ ಒತ್ತೆಸಳಿನ ಬಿಳಿಯ ಬಗೆಯನ್ನು ಇಂಗ್ಲೆಂಡಿಗೆ ಕಳುಹಿದನು. ಸಸ್ಯಶಾಸ್ತ್ರಜ್ಞ ಸರ್ ಜೋಸೆಫ್ ಬ್ಯಾಂಕ್ಸ್ ಅವರ ಪತ್ನಿಯ ಹೆಸರು ಅದಕ್ಕೆ ನಿಂತಿತು. 1824ರಲ್ಲಿ ಜಾನ್ ಪಾರ್ಕ್ಸ್ ಹಳದಿ ಬಗೆಯನ್ನು ತಂದನು.

ಆದರೆ ಇವೆರಡಕ್ಕೂ ಮೊದಲೇ, 1796ರಲ್ಲಿ, ರಾಬರ್ಟ್ ಡ್ರಮಂಡ್ ಎಂಬಾತನು ಚೀನಾದಿಂದ ತಂದ ಬಳ್ಳಿಯೊಂದು ಸ್ಕಾಟ್ಲೆಂಡಿನ ಮೆಗಿಂಚ್ ಕೋಟೆಮನೆಯಲ್ಲಿ ಬೇರೂರಿತ್ತು. ಅಲ್ಲಿಯ ಕಡುಚಳಿ ಅದರ ಕಡ್ಡಿಗಳನ್ನು ಪ್ರತಿವರ್ಷವೂ ಸುಡುತ್ತಿತ್ತು. ಬಳ್ಳಿ ಮತ್ತೆ ಚಿಗುರುತ್ತಿತ್ತು, ಹೂವನ್ನು ಮಾತ್ರ ಕಾಣಲಿಲ್ಲ. 1905ರಲ್ಲಿ ಇ. ಎಚ್. ವುಡಾಲ್ ಎಂಬವರು ಅದರ ಕಡ್ಡಿಗಳನ್ನು ಫ್ರಾನ್ಸಿನ ನೀಸ್ ನಗರದ ಬೆಚ್ಚನೆಯ ನೆಲಕ್ಕೆ ಒಯ್ದು ನೆಟ್ಟರು. 1909ರಲ್ಲಿ ಅವು ಹೂ ಬಿಟ್ಟವು! ಐದೇ ಎಸಳಿನ ಬಿಳಿಹೂಗಳು; ಈ ಕುಲದ ಕಾಡುಮೂಲದ ರೂಪವದು.

ಇದರ ಮರ್ಮವು ಬಳ್ಳಿಯ ಸ್ವಭಾವದಲ್ಲಿಯೇ ಅಡಗಿದೆ. ಹೂಗಳು ಅರಳುವುದು ಹೊಸ ಚಿಗುರಿನಲ್ಲಲ್ಲ. ಎರಡು ಮೂರು ವರುಷ ಬಲಿತ ಕಡ್ಡಿಯಿಂದ ಹೊರಟ ಕಿರುಗೊಂಬೆಗಳಲ್ಲಿ. ಅಲ್ಲಿ ಹಿಮ ಮಾಡಿದ ಕೇಡನ್ನೇ ಎಷ್ಟೋ ತೋಟಗಳಲ್ಲಿ ಕತ್ತರಿ ಮಾಡುತ್ತದೆ. ಉಳಿದ ಗುಲಾಬಿಗಳಂತೆ ಇದನ್ನೂ ಚಳಿಗಾಲದಲ್ಲಿ ಸವರಿದರೆ ಬರುವ ವಸಂತದ ಹೂವನ್ನೇ ಕತ್ತರಿಸಿದಂತೆ. ವರುಷಕ್ಕೊಮ್ಮೆ, ವಸಂತದಲ್ಲಿ ಮಾತ್ರ ಹೂ ಬಿಡುವ ಈ ಬಳ್ಳಿಯನ್ನು ಹೂ ಮುಗಿದ ಮೇಲೆಯೇ ಸವರಬೇಕು. ಒಣಗಿದ ಹಾಗೂ ತೀರ ಮುದಿಯಾದ ಕೊಂಬೆಗಳನ್ನಷ್ಟೇ ತೆಗೆಯಬೇಕು. ಮುಳ್ಳು ಇಲ್ಲವೆಂಬಷ್ಟು ವಿರಳವಾದುದರಿಂದ ಕೈಗೆ ನೋವಿಲ್ಲ. ಬಿಸಿಲು ಬೀಳುವ ಗೋಡೆ, ಹರಡಲು ಧಾರಾಳ ಎಡೆ, ಇವೆರಡನ್ನೇ ಅದು ಬೇಡುವುದು.

ಎಡೆ ದೊರೆತರೆ ಏನಾದೀತೆಂಬುದಕ್ಕೆ ಅಮೆರಿಕದ ಅರಿಜೋನಾ ಪ್ರಾಂತದ ಟೂಂಬ್‌ಸ್ಟೋನ್ ಊರೇ ಸಾಕ್ಷಿ. ಅಲ್ಲಿಗೆ ಬಂದು ನೆಲೆಸಿದ್ದ ಗೃಹಿಣಿಯೊಬ್ಬಳಿಗೆ ಸ್ಕಾಟ್ಲೆಂಡಿನ ತವರಿನಿಂದ ಬಂದ ಬ್ಯಾಂಕ್ಸ್ ಗುಲಾಬಿಯ ಸಸಿಯನ್ನು 1885ರಲ್ಲಿ ನೆಡಲಾಯಿತು. ಇಂದು ಆ ಒಂದೇ ಬಳ್ಳಿ 8,000 ಚದರಡಿಗೂ ಮಿಕ್ಕಿ ಹಂದರವನ್ನು ತುಂಬಿದೆ. ಜಗತ್ತಿನ ಅತಿ ದೊಡ್ಡ ಗುಲಾಬಿಯೆಂದು ಅದಕ್ಕೆ ಹೆಸರು.

ಮೆಗಿಂಚಿನ ಬಳ್ಳಿಗೆ ಹೂ ಬಿಡುವ ಶಕ್ತಿ ಮೊದಲಿನಿಂದಲೂ ಇತ್ತು; ಕಡ್ಡಿ ಬಲಿಯಲು ಅವಕಾಶವಿರಲಿಲ್ಲ, ಅಷ್ಟೇ. ನಮ್ಮ ಮನೆಗಳಲ್ಲಿಯೂ ನಿಧಾನವಾಗಿ ಬೆಳೆಯುವ ಮಕ್ಕಳುಂಟು. ನೆರೆಮನೆಯ ಮಕ್ಕಳೊಡನೆ ಹೋಲಿಸಿ, ವರುಷ ವರುಷವೂ ಅವರ ಉತ್ಸಾಹವನ್ನು ಸವರಿಹಾಕಿ, ಕಡೆಗೆ ಅವರಲ್ಲಿ ಹುರುಳಿಲ್ಲವೆನ್ನುವವರು ನಾವೇ ಅಲ್ಲವೆ? ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ವಸಂತವನ್ನಾದರೂ ಕಾಯೋಣ.